ಹಳೆಯ ಜೀಪಿನ ಕ್ಲಚ್ ದುರಸ್ತಿ: ಸಕಲೇಶಪುರ–ಆಲೂರು ಮಲೆನಾಡು

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಬಹುಕಾಲ ದುಡಿದು, ಆಮೇಲೆ ಬಳಕೆ ತಪ್ಪಿ ಕೊಟ್ಟಿಗೆಯಲ್ಲೋ ಕಣದ ಮೂಲೆಯಲ್ಲೋ ನಿಂತುಬಿಟ್ಟ ಜೀಪುಗಳು ಇಂದಿಗೂ ಕಾಣಸಿಗುತ್ತವೆ. ಇಂಥ ಜೀಪನ್ನು ಮತ್ತೆ ರಸ್ತೆಗೆ ಇಳಿಸುವಾಗ ಮಾಡಬೇಕಾದ ಕೆಲಸಗಳಲ್ಲಿ ಕ್ಲಚ್ ದುರಸ್ತಿ ಮುಖ್ಯವಾದುದು. ಎಂಜಿನಿನ ಬಲವನ್ನು ಗೇರ್ ಬಾಕ್ಸಿಗೆ ಬೇಕಾದಾಗ ಕೂಡಿಸುವ, ಬೇಡವಾದಾಗ ಬಿಡಿಸುವ ಸಾಧನವೇ ಕ್ಲಚ್. ಕಡಿದಾದ ಏರು, ಕೆಸರು, ಭಾರ ಮತ್ತು ತಿಂಗಳುಗಟ್ಟಲೆ ಸುರಿಯುವ ಮಳೆ ಈ ಸೀಮೆಯಲ್ಲಿ ಒಟ್ಟಿಗೆ ಸೇರಿರುವುದರಿಂದ ಕ್ಲಚ್ಚಿನ ಸವೆತ ಬಯಲುಸೀಮೆಗಿಂತ ಹೆಚ್ಚು. ಸವೆದ ಪ್ಲೇಟನ್ನು ಬದಲಿಸಿದರೆ ದುರಸ್ತಿಯ ಅರ್ಧ ಮುಗಿದಂತೆ. ಪ್ಲೇಟು ಯಾಕೆ ಸವೆಯಿತು ಎಂದು ಕಂಡುಕೊಂಡು ಅದನ್ನು ಸರಿಪಡಿಸುವುದು ಉಳಿದರ್ಧ.

ನೆಲ ಮತ್ತು ಹವೆ

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಮೇಲೆ, ಹೇಮಾವತಿ ನದಿಯ ದಂಡೆಯಲ್ಲಿ ಸಕಲೇಶಪುರ ಪಟ್ಟಣವಿದೆ. ಅಲ್ಲಿಂದ ಪಶ್ಚಿಮಕ್ಕೆ ಹೆದ್ದಾರಿ ಶಿರಾಡಿ ಘಾಟಿಯಲ್ಲಿ ಇಳಿಯುತ್ತದೆ. ದಕ್ಷಿಣದಲ್ಲಿ ಬಿಸಿಲೆ ಘಾಟಿಯಿದೆ. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ತೋಟಗಳು ಗುಡ್ಡದ ಇಳಿಜಾರುಗಳಲ್ಲೇ ಹಬ್ಬಿವೆ. ಪೂರ್ವಕ್ಕಿರುವ ಆಲೂರು ತಾಲ್ಲೂಕಿನಲ್ಲಿ ಗುಡ್ಡಗಳು ತಗ್ಗುತ್ತವೆ, ಮಳೆಯೂ ಕಡಿಮೆಯಾಗುತ್ತದೆ; ಕಾಫಿಯ ಜೊತೆಗೆ ಗದ್ದೆ, ಶುಂಠಿ, ಜೋಳದ ಹೊಲಗಳು ಬರುತ್ತವೆ.

ತೋಟದ ಒಳದಾರಿಗಳು ಹೆಚ್ಚಾಗಿ ಕೆಮ್ಮಣ್ಣಿನವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಜಾರುತ್ತವೆ. ಆರಿದ್ರಾ, ಪುನರ್ವಸು ಮಳೆಗಳ ಕಾಲದಲ್ಲಿ ಹಳ್ಳ ದಾಟದೆ ತೋಟ ಸೇರುವಂತಿಲ್ಲದ ಜಾಗಗಳೂ ಇವೆ. ಬೇಸಿಗೆಯಲ್ಲಿ ಅದೇ ಮಣ್ಣು ನುಣ್ಣನೆ ಧೂಳಾಗಿ ಏಳುತ್ತದೆ. ನವೆಂಬರ್ ಹೊತ್ತಿಗೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೆ ರೋಬಸ್ಟಾ ಕುಯ್ಲು ಬರುತ್ತದೆ. ಹಣ್ಣು ತುಂಬಿದ ಚೀಲಗಳನ್ನೂ ಆಳುಗಳನ್ನೂ ಹೊತ್ತು ತೋಟದಿಂದ ಕಣಕ್ಕೆ ಓಡಾಡುವ ವಾಹನಕ್ಕೆ ಆ ತಿಂಗಳುಗಳಲ್ಲಿ ಬಿಡುವಿಲ್ಲ. ಎರಡೂ ತಾಲ್ಲೂಕುಗಳಲ್ಲಿ ಕಾಡಾನೆಗಳ ಓಡಾಟವಿದೆ. ಮುಸ್ಸಂಜೆಯ ಹೊತ್ತಿಗೆ ತೋಟದ ನಡುವೆ ವಾಹನ ಕೈಕೊಟ್ಟರೆ ಒಳಗಿರುವವರ ಜೀವಕ್ಕೇ ಅಪಾಯ.

ವಾಹನಗಳು

ಅಮೆರಿಕದ ವಿಲ್ಲೀಸ್ ಕಂಪನಿ ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ ತಯಾರಿಸಿದ ಎಂಬಿ ಮಾದರಿಯೇ ಈ ಕುಲದ ಮೂಲ. ಅದರ ಎಂಜಿನ್ 2.2 ಲೀಟರಿನದು, ಸುಮಾರು 60 ಅಶ್ವಶಕ್ತಿಯದು. ಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಜೀಪುಗಳು ಖಾಸಗಿಯವರ ಕೈಸೇರಿದವು. 1945ರಲ್ಲಿ ಸ್ಥಾಪನೆಯಾದ ಮಹೀಂದ್ರಾ ಸಂಸ್ಥೆ 1947ರಲ್ಲಿ ಬಿಡಿಭಾಗಗಳನ್ನು ತರಿಸಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಸಿಜೆ–3ಬಿ ಮಾದರಿ ಇಲ್ಲಿಯೇ ತಯಾರಾಯಿತು. ಅಮೆರಿಕದಲ್ಲಿ 1968ರಲ್ಲಿ ಅದು ನಿಂತುಹೋದ ಮೇಲೂ ಭಾರತದಲ್ಲಿ ಮುಂದುವರಿಯಿತು. ಕಾಲಕ್ರಮದಲ್ಲಿ ಪೆಟ್ರೋಲ್ ಎಂಜಿನಿನ ಜಾಗಕ್ಕೆ ಡೀಸೆಲ್ ಎಂಜಿನ್ ಬಂತು. ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್ ಹೊತ್ತ ಎಂಎಂ 540 ಮಲೆನಾಡಿನವರಿಗೆ ಚಿರಪರಿಚಿತ. 1985ರಲ್ಲಿ ಮಾರುತಿ ಜಿಪ್ಸಿ ಬಂದು ಹಗುರವಾದ ಇನ್ನೊಂದು ಆಯ್ಕೆ ಕೊಟ್ಟಿತು.

ಹಳೆಯ ಪೆಟ್ರೋಲ್ ಜೀಪಿಗೆ ಮಾಲೀಕರೇ ಡೀಸೆಲ್ ಎಂಜಿನ್ ಹಾಕಿಸಿಕೊಂಡಿರುವುದೂ ಉಂಟು. ಅಂಥ ಗಾಡಿಯಲ್ಲಿ ಫ್ಲೈವೀಲು ಒಂದು ಮಾದರಿಯದು, ಕ್ಲಚ್ ಪ್ಲೇಟು ಇನ್ನೊಂದರದು, ಗೇರ್ ಬಾಕ್ಸು ಮತ್ತೊಂದರದು ಆಗಿರಬಹುದು. ಆದ್ದರಿಂದ ಆರ್.ಸಿ. ಪುಸ್ತಕದಲ್ಲಿರುವ ಮಾದರಿಯ ಹೆಸರು ಹೇಳಿ ಬಿಡಿಭಾಗ ತರುವುದಕ್ಕಿಂತ, ಬಿಚ್ಚಿದ ಹಳೆಯ ಪ್ಲೇಟನ್ನೇ ಅಂಗಡಿಗೆ ಒಯ್ದು ವ್ಯಾಸ, ನಡುವಿನ ಹಲ್ಲುಗಳ ಸಂಖ್ಯೆ ಮತ್ತು ಗುಬ್ಬದ (ಹಬ್) ಎತ್ತರವನ್ನು ಹೋಲಿಸಿ ತರುವುದು ಲೇಸು.

ಕ್ಲಚ್ಚಿನ ರಚನೆ

ಜೀಪಿನದು ಒಂದೇ ಪ್ಲೇಟಿನ ಒಣ ಕ್ಲಚ್. ಎಂಜಿನಿನ ಹಿಂಭಾಗದಲ್ಲಿ ತಿರುಗುವ ಫ್ಲೈವೀಲಿಗೂ ಅದಕ್ಕೆ ಬೋಲ್ಟು ಮಾಡಿದ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಕೂತಿರುತ್ತದೆ. ಪ್ಲೇಟಿನ ಎರಡೂ ಬದಿಗೆ ಘರ್ಷಣೆಯ ಲೈನಿಂಗನ್ನು ರಿವೆಟ್ಟುಗಳಿಂದ ಬಿಗಿದಿರುತ್ತಾರೆ. ಎಂಬಿ ಜೀಪಿನಲ್ಲಿ ಪ್ಲೇಟಿನ ವ್ಯಾಸ ಸುಮಾರು 8 ಇಂಚು. ನಂತರದ ಸಿಜೆ ಮಾದರಿಗಳಲ್ಲಿ 8.5 ಇಂಚಿನದು ಸಾಮಾನ್ಯ. ಪ್ರೆಶರ್ ಪ್ಲೇಟಿನ ಸುರುಳಿ ಸ್ಪ್ರಿಂಗುಗಳು ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುತ್ತವೆ. ಪೆಡಲನ್ನು ಒತ್ತಿದಾಗ ಅಡ್ಡ ಕೊಳವೆ, ಕೇಬಲ್ ಮತ್ತು ಫೋರ್ಕಿನ ಮೂಲಕ ರಿಲೀಸ್ ಬೇರಿಂಗು ಮುಂದಕ್ಕೆ ಸರಿದು ಪ್ರೆಶರ್ ಪ್ಲೇಟಿನ ಮೂರು ಫಿಂಗರುಗಳನ್ನು ತಳ್ಳುತ್ತದೆ. ಆಗ ಸ್ಪ್ರಿಂಗಿನ ಒತ್ತಡ ಸಡಿಲವಾಗಿ ಪ್ಲೇಟು ಬಿಡುಗಡೆಯಾಗುತ್ತದೆ. ಗೇರ್ ಬಾಕ್ಸಿನಿಂದ ಬರುವ ಶಾಫ್ಟಿನ ತುದಿ ಫ್ಲೈವೀಲಿನ ನಡುವಿರುವ ಕಂಚಿನ ಪೈಲಟ್ ಬುಷ್‌ನಲ್ಲಿ ಆಧಾರ ಪಡೆಯುತ್ತದೆ.

ಜಿಪ್ಸಿಯಂಥ ಈಚಿನ ಗಾಡಿಗಳಲ್ಲಿ ಸುರುಳಿ ಸ್ಪ್ರಿಂಗುಗಳ ಬದಲು ಒಂದೇ ತಟ್ಟೆಯಾಕಾರದ ಡಯಾಫ್ರಮ್ ಸ್ಪ್ರಿಂಗು ಇರುತ್ತದೆ. ಇದರಿಂದ ಪೆಡಲು ಹಗುರ, ಒತ್ತಡ ಸಮ.

ಕೆಡುವ ಕಾರಣಗಳು

ಮೊದಲನೆಯದು ಹಾಫ್ ಕ್ಲಚ್, ಅಂದರೆ ಪೆಡಲನ್ನು ಅರ್ಧ ಒತ್ತಿಕೊಂಡೇ ಗಾಡಿ ನಡೆಸುವುದು. ಇದರ ಹಿಂದಿರುವ ಲೆಕ್ಕ ಸರಳ. ಸಿಜೆ–3ಬಿ ಜೀಪಿನ ಮೂರು ಗೇರಿನ ಬಾಕ್ಸಿನಲ್ಲಿ ಮೊದಲ ಗೇರಿನ ಅನುಪಾತ 2.798, ಆಕ್ಸಲಿನದು 5.38. ಇವೆರಡನ್ನು ಗುಣಿಸಿದರೆ ಎಂಜಿನ್ ಸುಮಾರು 15 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ ಬಿಟ್ಟು ಲೋ ಗೇರು ಹಾಕಿದರೆ ಇನ್ನೂ 2.46 ಪಟ್ಟು ಸೇರಿ ಆ ಸಂಖ್ಯೆ 37 ಆಗುತ್ತದೆ. ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಹೈನಲ್ಲಿ ಜೀಪಿನ ವೇಗ ಗಂಟೆಗೆ ಸುಮಾರು 9 ಕಿಲೋಮೀಟರ್. ಲೋನಲ್ಲಿ ಮೂರೂವರೆ ಕಿಲೋಮೀಟರ್, ಅಂದರೆ ಮನುಷ್ಯನ ನಡಿಗೆಯ ವೇಗ. ಕಲ್ಲು, ಕೊರಕಲುಗಳ ಏರಿನಲ್ಲಿ ನಡಿಗೆಯ ವೇಗಕ್ಕಿಂತ ಹೆಚ್ಚು ಓಡಿಸಲಾಗದು. ಹೈನಲ್ಲೇ ಹತ್ತಿಸುವ ಚಾಲಕ ಈ ಎರಡು ವೇಗಗಳ ನಡುವಿನ ಅಂತರವನ್ನು ಕ್ಲಚ್ ಪ್ಲೇಟನ್ನು ಉಜ್ಜಿಯೇ ಸರಿದೂಗಿಸುತ್ತಾನೆ. ಆ ಉಜ್ಜಿನ ಶಾಖಕ್ಕೆ ಲೈನಿಂಗು ಸುಡುತ್ತದೆ, ಫ್ಲೈವೀಲಿನ ಮೇಲೆ ನೀಲಿ ಕಲೆಗಳೇಳುತ್ತವೆ.

ಎರಡನೆಯದು ಎಣ್ಣೆ. ಎಂಜಿನಿನ ಹಿಂಬದಿಯ ಸೀಲು ಸೋರಿದರೆ ಎಂಜಿನ್ ಆಯಿಲ್, ಗೇರ್ ಬಾಕ್ಸಿನ ಮುಂಬದಿ ಸೋರಿದರೆ ಗೇರ್ ಆಯಿಲ್ ಕ್ಲಚ್ಚಿಗೆ ಬರುತ್ತದೆ. ಎರಡನ್ನೂ ವಾಸನೆಯಿಂದಲೇ ಬೇರ್ಪಡಿಸಬಹುದು: ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಹಳೆಯ ಎಂಜಿನ್ ಆಯಿಲ್ ಕಪ್ಪಗಿದ್ದು ಸುಟ್ಟ ವಾಸನೆ ಹೊಡೆಯುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ. ಬಿಸಿಯೇರಿದಾಗ ಒಳಗಿನ ಎಣ್ಣೆ ಮತ್ತೆ ಜಿನುಗುತ್ತದೆ.

ಮೂರನೆಯದು ನೀರು ಮತ್ತು ಕೆಸರು. ಹಳ್ಳ ದಾಟುವಾಗ ಕ್ಲಚ್ಚನ್ನು ಸುತ್ತುವರಿದ ಬೆಲ್ ಹೌಸಿಂಗಿನೊಳಗೆ ನುಗ್ಗಿದ ಕೆಮ್ಮಣ್ಣಿನ ನೀರು ಒಣಗಿ ಅರದಂತೆ ಉಜ್ಜುತ್ತದೆ. ಹೌಸಿಂಗಿನ ತಳದಲ್ಲಿರುವ ಸಣ್ಣ ತೂತು ಕೆಸರು ಕಟ್ಟಿ ಮುಚ್ಚಿಹೋದರೆ ನೀರೂ ಎಣ್ಣೆಯೂ ಒಳಗೇ ನಿಲ್ಲುತ್ತವೆ. ಕಡ್ಡಿಯಿಂದ ಚುಚ್ಚಿ ಆ ತೂತನ್ನು ತೆರವುಗೊಳಿಸುವುದು ಇಡೀ ದುರಸ್ತಿಯಲ್ಲೇ ಅಗ್ಗದ ಕೆಲಸ. ಬಹಳ ಸಲ ಮರೆತುಹೋಗುವ ಕೆಲಸವೂ ಅದೇ.

ನಾಲ್ಕನೆಯದು ನಿಂತಲ್ಲೇ ನಿಲ್ಲುವುದು. ಒಂದೆರಡು ಮಳೆಗಾಲ ಅಲುಗಾಡದೆ ನಿಂತ ಜೀಪಿನಲ್ಲಿ ತೇವಕ್ಕೆ ಫ್ಲೈವೀಲು ತುಕ್ಕು ಹಿಡಿದು ಲೈನಿಂಗಿಗೆ ಅಂಟಿಕೊಳ್ಳುತ್ತದೆ. ಪೆಡಲು ಒತ್ತಿದರೂ ಪ್ಲೇಟು ಬಿಡುವುದಿಲ್ಲ. ಹೀಗೆ ಕಚ್ಚಿದ ಪ್ಲೇಟನ್ನು ಬಿಚ್ಚಿ ನೋಡಿದರೆ ಅದರ ಲೈನಿಂಗಿನ ಗೀರುಗಳು ಸಹಿತ ಒಂದು ತುಕ್ಕಿನ ಉಂಗುರ ಫ್ಲೈವೀಲಿನ ಮೇಲೆ ಅಚ್ಚೊತ್ತಿರುತ್ತದೆ. ರಿವೆಟ್ಟುಗಳಿದ್ದ ಜಾಗಗಳನ್ನು ಕೂಡ ಅದರ ಮೇಲೆ ಎಣಿಸಬಹುದು.

ರೋಗಪತ್ತೆ

ಬಿಚ್ಚುವ ಮೊದಲು ಹೊರಗಿನಿಂದ ನೋಡಬೇಕಾದ್ದು ಬಹಳವಿದೆ. ಮೊದಲಿಗೆ ಪೆಡಲಿನ ಫ್ರೀ ಪ್ಲೇ: ಕೈಯಿಂದ ಒತ್ತಿದಾಗ ಭಾರ ಸಿಗುವ ಮುನ್ನ ಪೆಡಲು ಸುಮಾರು ಒಂದು ಇಂಚು ಸಡಿಲವಾಗಿ ಚಲಿಸಬೇಕು. ಅಷ್ಟೂ ಇಲ್ಲದಿದ್ದರೆ ಬೇರಿಂಗು ಫಿಂಗರುಗಳನ್ನು ಸದಾ ಒತ್ತುತ್ತಾ ಪ್ಲೇಟು ಜಾರುತ್ತದೆ. ಅತಿಯಾಗಿದ್ದರೆ ಪ್ಲೇಟು ಪೂರ್ತಿ ಬಿಡದೆ ಗೇರು ಕಿರುಗುಟ್ಟುತ್ತದೆ. ಅಡ್ಡ ಕೊಳವೆಯ ತುದಿಗಳು, ಕೇಬಲ್ಲಿನ ಕಣ್ಣು, ಪಿನ್ನುಗಳ ತೂತು ಸವೆದು ಕ್ಲಚ್ ಹಾಳಾದಂತೆ ತೋರುವುದು ಹಳೆಯ ಜೀಪುಗಳಲ್ಲಿ ಮಾಮೂಲು. ಆ ಸವೆತ ಸರಿಪಡಿಸಿದರೆ ಗೇರ್ ಬಾಕ್ಸನ್ನು ಇಳಿಸದೆಯೇ ಕೆಲಸ ಮುಗಿಯಬಹುದು.

ಜಾರುವಿಕೆಯ ಪರೀಕ್ಷೆಗೆ ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಮುಂದೆ ಹಿಂದೆ ಗಟ್ಟಿಯಾದ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮೂರನೆಯ ಗೇರಿನಲ್ಲಿ ಪೆಡಲನ್ನು ನಿಧಾನವಾಗಿ ಬಿಡಬೇಕು. ಆರೋಗ್ಯವಂತ ಕ್ಲಚ್ ಆದರೆ ಎಂಜಿನ್ ಆಫ್ ಆಗುತ್ತದೆ. ಎಂಜಿನ್ ತಿರುಗುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ ಎಂದೇ ಅರ್ಥ. ಹಳೆಯ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರಗಳ ಮೇಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿರುತ್ತದೆ. ಎಣ್ಣೆ ಸೋರಿ ಅದು ಹಿಡಿಯದಿರುವುದು ಸಾಮಾನ್ಯವಾದ್ದರಿಂದ ಅಡ್ಡ ಕೊಡದೆ ಈ ಪರೀಕ್ಷೆ ಮಾಡಕೂಡದು.

ಸದ್ದನ್ನೂ ಗಮನಿಸಬೇಕು. ಪೆಡಲು ಒತ್ತಿದಾಗ ಗುರುಗುಟ್ಟಿದರೆ ರಿಲೀಸ್ ಬೇರಿಂಗು ಅಥವಾ ಪೈಲಟ್ ಬುಷ್ ಮೇಲೆ ಅನುಮಾನ. ಪೆಡಲು ಬಿಟ್ಟಾಗ ಸದ್ದು ಬಂದು ಒತ್ತಿದಾಗ ನಿಂತರೆ ದೋಷ ಗೇರ್ ಬಾಕ್ಸಿನ ಮುಂಬೇರಿಂಗಿನದು. ಸಿಜೆ–3ಬಿಯ ಮೂರು ಗೇರಿನ ಬಾಕ್ಸಿನಲ್ಲಿ ಮೊದಲ ಗೇರಿಗೂ ರಿವರ್ಸಿಗೂ ಸಿಂಕ್ರೊ ಇಲ್ಲ. ಪೆಡಲು ಒತ್ತಿ ಕೆಲವು ಕ್ಷಣ ಕಾಯದೆ ಗೇರು ಹಾಕಿದರೆ ಹಲ್ಲುಗಳು ಕಿರುಗುಟ್ಟುವುದು ಕ್ಲಚ್ಚಿನ ತಪ್ಪಲ್ಲ; ಕಾದ ಮೇಲೂ ಸದ್ದು ಬಂದರೆ ಮಾತ್ರ ಪ್ಲೇಟು ಬಿಡುತ್ತಿಲ್ಲ ಎನ್ನಬೇಕು.

ತುಕ್ಕಿಗೆ ಕಚ್ಚಿಕೊಂಡ ಪ್ಲೇಟನ್ನು ಬಿಡಿಸಲು ಮೊದಲು ತಾಳ್ಮೆಯ ದಾರಿ ಹಿಡಿಯುತ್ತಾರೆ. ಎಂಜಿನನ್ನು ಚೆನ್ನಾಗಿ ಕಾಯಿಸಿ, ಆಫ್ ಮಾಡಿ, ಪೆಡಲನ್ನು ಪೂರ್ತಿ ಒತ್ತಿ ಸೀಟಿಗೂ ಪೆಡಲಿಗೂ ನಡುವೆ ಮರದ ತುಂಡು ಕೊಟ್ಟು ರಾತ್ರಿಯಿಡೀ ಬಿಡುತ್ತಾರೆ. ಅದಕ್ಕೂ ಬಿಡದಿದ್ದರೆ ಎದುರಿಗೆ ಯಾರೂ ಇಲ್ಲದ ವಿಶಾಲ ಬಯಲಿನಲ್ಲಿ ಗೇರಿನಲ್ಲೇ ಸ್ಟಾರ್ಟ್ ಮಾಡಿ, ಪೆಡಲು ಒತ್ತಿಕೊಂಡೇ ಆಕ್ಸಿಲರೇಟರನ್ನು ಹಿಡಿದು ಬಿಟ್ಟು ಮಾಡುತ್ತಾರೆ. ಬ್ರೇಕು ಸರಿಯಿಲ್ಲದ ಗಾಡಿಯಲ್ಲಿ, ಇಳಿಜಾರಿನಲ್ಲಿ, ಕೆರೆ ಬದಿಯ ಕಣದಲ್ಲಿ ಇದನ್ನು ಮಾಡಬಾರದು. ಬಹುಕಾಲ ನಿಂತ ಜೀಪಿನ ಬ್ರೇಕನ್ನು ಕ್ಲಚ್ಚಿಗಿಂತ ಮೊದಲು ರಿಪೇರಿ ಮಾಡಬೇಕೆಂಬ ನಿಯಮ ಇದರಿಂದಲೇ ಬಂದದ್ದು. ಹೀಗೆ ಬಿಟ್ಟ ಪ್ಲೇಟು ಕೆಲಕಾಲ ನಡೆಯಬಹುದು. ಫ್ಲೈವೀಲಿನ ತುಕ್ಕು ಮಾತ್ರ ಹಾಗೇ ಉಳಿದು ಲೈನಿಂಗನ್ನು ತಿನ್ನುತ್ತದೆ.

ಬಿಚ್ಚುವ ಕ್ರಮ

ಹಳೆಯ ಜೀಪಿನಲ್ಲಿ ಗೇರ್ ಬಾಕ್ಸಿಗೆ ಟ್ರಾನ್ಸ್‌ಫರ್ ಕೇಸು ಬೆನ್ನಿಗಂಟಿಕೊಂಡಿದೆ. ಎರಡನ್ನೂ ಒಟ್ಟಿಗೇ ಇಳಿಸಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಗಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಗೇರ್ ಬಾಕ್ಸಿನ ಮೇಲಿನ ನೆಲದ ತಗಡು ತೆಗೆಯುತ್ತಾರೆ. ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳಿಗೆ ಗುರುತು ಹಾಕಿ ಬಿಚ್ಚಿದ ಮೇಲೆ ಸ್ಪೀಡೋಮೀಟರ್ ಕೇಬಲ್, ಹ್ಯಾಂಡ್ ಬ್ರೇಕಿನ ಕೊಂಡಿ, ಕ್ಲಚ್ ಕೇಬಲ್ ಕಳಚುತ್ತಾರೆ. ಗೇರ್ ಬಾಕ್ಸಿನ ಭಾರ ಹೊತ್ತ ಅಡ್ಡಪಟ್ಟಿಯನ್ನು ತೆಗೆಯುವ ಮೊದಲು ಎಂಜಿನಿನ ಹಿಂಭಾಗಕ್ಕೆ ಜಾಕಿ ಮತ್ತು ಮರದ ತುಂಡಿನ ಆಧಾರ ಕೊಡಬೇಕು. ಇಲ್ಲದಿದ್ದರೆ ಎಂಜಿನ್ ಹಿಂದಕ್ಕೆ ವಾಲಿ ಮುಂದಿರುವ ಫ್ಯಾನು ರೇಡಿಯೇಟರಿಗೆ ತಾಗಬಹುದು.

ಗೇರ್ ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಅರ್ಧ ಹೊರಬಂದ ಬಾಕ್ಸಿನ ಭಾರವೆಲ್ಲ ಶಾಫ್ಟಿನ ಮೇಲೆ ನೇತುಬಿದ್ದರೆ ಕ್ಲಚ್ ಪ್ಲೇಟಿನ ಗುಬ್ಬ ಬಾಗುತ್ತದೆ; ಹೊಸ ಪ್ಲೇಟು ಕೂರಿಸುವಾಗಲೂ ಇದೇ ಎಚ್ಚರ ಬೇಕು. ಬೆಲ್ ಹೌಸಿಂಗನ್ನು ತೆಗೆದ ಮೇಲೆ ಪ್ರೆಶರ್ ಪ್ಲೇಟಿಗೂ ಫ್ಲೈವೀಲಿಗೂ ಪಂಚಿನಿಂದ ಜೋಡಿ ಗುರುತು ಹಾಕಿ, ಬೋಲ್ಟುಗಳನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾರೆ. ಒಂದೇ ಬದಿಯನ್ನು ಪೂರ್ತಿ ಬಿಚ್ಚಿದರೆ ಸ್ಪ್ರಿಂಗುಗಳ ಒತ್ತಡಕ್ಕೆ ಕವರು ತಿರುಚಿಕೊಳ್ಳುತ್ತದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸು ಪ್ರತ್ಯೇಕವಾಗಿ ಹಿಂದೆ ಇರುವುದರಿಂದ ಗೇರ್ ಬಾಕ್ಸು ಒಂದನ್ನೇ ಇಳಿಸಬಹುದು, ಶ್ರಮ ಕಡಿಮೆ.

ಕ್ಲಚ್ಚಿನ ಧೂಳನ್ನು ಗಾಳಿ ಹೊಡೆದು ಹಾರಿಸುವ ರೂಢಿ ಹಾನಿಕರ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಕೆಲಸ ಕಲಿಯಲು ಬಂದ ಹುಡುಗರಿಗೆ ಮೊದಲ ದಿನವೇ ಹೇಳಿಕೊಡಬೇಕಾದ ಪಾಠವಿದು.

ಪರಿಶೀಲನೆ ಮತ್ತು ಜೋಡಣೆ

ಪ್ಲೇಟಿನಲ್ಲಿ ರಿವೆಟ್ಟಿನ ತಲೆ ಲೈನಿಂಗಿನ ಮಟ್ಟಕ್ಕೆ ಬಂದಿದ್ದರೆ ಅದರ ಆಯುಸ್ಸು ಮುಗಿದಂತೆ. ಇನ್ನೂ ಓಡಿಸಿದರೆ ರಿವೆಟ್ಟು ಫ್ಲೈವೀಲನ್ನು ಕೊರೆಯುತ್ತದೆ. ಫ್ಲೈವೀಲಿನಲ್ಲಿ ತೆಳ್ಳಗಿನ ತುಕ್ಕಾದರೆ ಎಮರಿ ಪೇಪರ್ ಸಾಕು. ಗೀರು, ನೀಲಿ ಕಲೆ, ತುಕ್ಕಿನ ಗುಳಿಗಳಿದ್ದರೆ ಲೇತಿನಲ್ಲಿ ಹಿಡಿಸಿ ಮುಖ ಸಮ ಮಾಡಿಸಬೇಕು. ಬಿರುಕು ಬಿಟ್ಟ ಫ್ಲೈವೀಲನ್ನು ಮತ್ತೆ ಬಳಸಲೇಬಾರದು. ಪ್ರೆಶರ್ ಪ್ಲೇಟಿನ ಮೂರು ಫಿಂಗರುಗಳ ಎತ್ತರ ಒಂದೇ ಸಮ ಇರಬೇಕು. ಒಂದು ಏರಿ ಇನ್ನೊಂದು ಇಳಿದಿದ್ದರೆ ಪ್ಲೇಟು ಓರೆಯಾಗಿ ಬಿಟ್ಟು, ಗಾಡಿ ಹೊರಡುವಾಗ ಮೈಯೆಲ್ಲ ನಡುಗುತ್ತದೆ.

ಪೈಲಟ್ ಬುಷ್ ಎಣ್ಣೆ ಹೀರುವ ರಂಧ್ರಯುಕ್ತ ಕಂಚಿನದು. ಕೂರಿಸುವ ಮೊದಲು ಎಂಜಿನ್ ಆಯಿಲಿನಲ್ಲಿ ನೆನೆಹಾಕುವುದು ಒಳ್ಳೆಯದು. ರಿಲೀಸ್ ಬೇರಿಂಗಿನೊಳಗೆ ತಯಾರಿಕೆಯಲ್ಲೇ ಗ್ರೀಸ್ ತುಂಬಿರುತ್ತದೆ. ಉಳಿದ ಭಾಗಗಳ ಜೊತೆ ಅದನ್ನೂ ಡೀಸೆಲ್ಲಿನಲ್ಲಿ ಅದ್ದಿ ತೊಳೆದರೆ ಗ್ರೀಸೆಲ್ಲ ಕರಗಿ, ಹೊಸ ಬೇರಿಂಗು ಕೂಡ ಬೇಗನೆ ಅರಚತೊಡಗುತ್ತದೆ. ಬಾಕ್ಸು ಇಳಿದಿರುವಾಗಲೇ ಎಂಜಿನಿನ ಹಿಂಬದಿ ಸೀಲು ಮತ್ತು ಗೇರ್ ಬಾಕ್ಸಿನ ಮುಂಬದಿಯನ್ನು ನೋಡಿಬಿಡಬೇಕು. ಸೋರಿಕೆ ಉಳಿಸಿ ಹೊಸ ಪ್ಲೇಟು ಹಾಕಿದರೆ ಹಾಕಿದ ಹಣ ಅದೇ ಎಣ್ಣೆಯಲ್ಲಿ ಹೋಗುತ್ತದೆ.

ಜೋಡಿಸುವಾಗ ಪ್ಲೇಟು ಸರಿಯಾಗಿ ನಡುವಿಗೆ ಕೂರಬೇಕು. ಇದಕ್ಕೆ ಹಳೆಯ ಗೇರ್ ಬಾಕ್ಸಿನ ಶಾಫ್ಟನ್ನೋ ಲೇತಿನಲ್ಲಿ ಕಡೆಸಿದ ಮರದ ಗೂಟವನ್ನೋ ಪ್ಲೇಟಿನ ಮೂಲಕ ಪೈಲಟ್ ಬುಷ್‌ಗೆ ತೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿಯುತ್ತಾರೆ. ಗುಬ್ಬದ ಉದ್ದನೆಯ ಬದಿ ಗೇರ್ ಬಾಕ್ಸಿನ ಕಡೆಗಿರಬೇಕು. ಹಲ್ಲುಗಳಿಗೆ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು. ಹೆಚ್ಚಾದರೆ ಅದು ಸಿಡಿದು ಲೈನಿಂಗಿಗೇ ತಾಗುತ್ತದೆ. ಗೇರ್ ಬಾಕ್ಸು ತಾನಾಗಿ ಜಾರಿ ಹೌಸಿಂಗಿಗೆ ಮುಟ್ಟಬೇಕು. ನಡುವೆ ಸಂದು ಉಳಿದಾಗ ಬೋಲ್ಟಿನ ಬಲದಿಂದ ಎಳೆಸಿದರೆ ಪ್ಲೇಟೋ ಬಾಕ್ಸಿನ ಕಿವಿಯೋ ಮುರಿಯುತ್ತದೆ. ಕೊನೆಗೆ ಫ್ರೀ ಪ್ಲೇಯನ್ನು ಹೊಸದಾಗಿ ಹೊಂದಿಸಿ, ಮೊದಲ ಕೆಲವು ನೂರು ಕಿಲೋಮೀಟರ್ ಭಾರ ಹೇರದೆ ಓಡಿಸುತ್ತಾರೆ. ಹೊಸ ಲೈನಿಂಗು ಸವೆಯುತ್ತಾ ಹೋದಂತೆ ಫ್ರೀ ಪ್ಲೇ ಕಡಿಮೆಯಾಗುವುದರಿಂದ ಆಮೇಲೆ ಇನ್ನೊಮ್ಮೆ ನೋಡಬೇಕು.

ಹಗುರ ಎ.ಟಿ.ವಿ.ಗಳು

ಹ್ಯಾಂಡಲ್ ಹಿಡಿದು, ಎರಡೂ ಬದಿಗೆ ಕಾಲು ಹಾಕಿ ಕೂತು ಓಡಿಸುವ ನಾಲ್ಕು ಚಕ್ರದ ಹಗುರ ಎ.ಟಿ.ವಿ.ಗಳ ಕ್ಲಚ್ ಬೇರೆಯೇ ಬಗೆಯದು. ಕೆಲವದರಲ್ಲಿ ಮೋಟಾರ್ ಸೈಕಲಿನಂತೆ ಎಂಜಿನ್ ಆಯಿಲಿನಲ್ಲೇ ಮುಳುಗಿರುವ ಹಲವು ಪ್ಲೇಟುಗಳ ಕ್ಲಚ್, ಕೆಲವದರಲ್ಲಿ ವೇಗ ಏರಿದಂತೆ ತಾನಾಗಿ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್, ಮತ್ತೆ ಕೆಲವದರಲ್ಲಿ ರಬ್ಬರ್ ಬೆಲ್ಟಿನ ವ್ಯವಸ್ಥೆ. ಎಣ್ಣೆಯ ಕ್ಲಚ್ಚಿಗೆ ಮೋಟಾರ್ ಸೈಕಲಿಗೆಂದೇ ತಯಾರಾದ ಆಯಿಲ್ ಬೇಕು; ಘರ್ಷಣೆ ಇಳಿಸುವ ಪದಾರ್ಥ ಬೆರೆಸಿದ ಕಾರಿನ ಆಯಿಲ್ ಹಾಕಿದರೆ ಪ್ಲೇಟುಗಳು ಜಾರಬಹುದು. ಬೆಲ್ಟಿನವುಗಳಲ್ಲಿ ಬೆಲ್ಟಿನ ಕವಚದೊಳಗೆ ನೀರು, ಕೆಸರು ಸೇರದಂತೆ ಕಾಯುವುದೇ ಮುಖ್ಯ. ಒಣ ಕ್ಲಚ್ಚಿಗೆ ಎಣ್ಣೆ ತಾಗಕೂಡದು, ಎಣ್ಣೆ ಕ್ಲಚ್ಚಿಗೆ ಎಣ್ಣೆ ತಪ್ಪಕೂಡದು ಎಂಬ ವ್ಯತ್ಯಾಸ ತಿಳಿದಿದ್ದರೆ ಅರ್ಧ ಅನಾಹುತ ತಪ್ಪುತ್ತದೆ.

ಬಳಕೆ ಮತ್ತು ಪಾಲನೆ

ಜೀಪಿನ ಲೋ ಗೇರು ಮುಂದಿನ ಚಕ್ರಗಳ ಚಾಲನೆಯನ್ನು ಕೂಡಿಸಿದಾಗ ಮಾತ್ರ ಬೀಳುತ್ತದೆ. ಜಾರುವ ಮಣ್ಣಿನ ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರ ಮತ್ತು ಲೋ ಹಾಕಿ, ಮೊದಲ ಗೇರಿನಲ್ಲಿ ಪೆಡಲನ್ನು ಪೂರ್ತಿ ಬಿಟ್ಟು ಹತ್ತಿಸುವುದು ಸರಿಯಾದ ಕ್ರಮ. ಗಟ್ಟಿ ಡಾಂಬರು ರಸ್ತೆಗೆ ಬಂದ ಕೂಡಲೇ ನಾಲ್ಕು ಚಕ್ರದ ಚಾಲನೆಯನ್ನು ತೆಗೆಯಬೇಕು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳುವುದರಿಂದ ಗೇರುಗಳಿಗೆ ತಿರುಚು ಬೀಳುತ್ತದೆ. ಪೆಡಲಿನ ಮೇಲೆ ಪಾದ ಇಟ್ಟುಕೊಂಡೇ ಓಡಿಸುವ ಅಭ್ಯಾಸ ಬಿಡಬೇಕು. ಏರಿನಲ್ಲಿ ನಿಲ್ಲಬೇಕಾದಾಗ ಬ್ರೇಕನ್ನೇ ಹಿಡಿಯಬೇಕು, ಕ್ಲಚ್ಚನ್ನಲ್ಲ.

ಕುಯ್ಲು ಮುಗಿದ ಮೇಲೆ ಜೀಪು ನಿಲ್ಲುವುದಾದರೆ ಸೋರದ ಸೂರಿನಡಿ ನಿಲ್ಲಿಸಿ, ಮಳೆಗಾಲದುದ್ದಕ್ಕೂ ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ ಕಾಯಿಸಿ ಗಾಡಿಯನ್ನು ಹಿಂದೆ ಮುಂದೆ ಓಡಾಡಿಸುವುದು ತುಕ್ಕಿಗೆ ಉತ್ತಮ ಮದ್ದು. ಹಳ್ಳ ದಾಟಿ ಬಂದ ದಿನ ಬೆಲ್ ಹೌಸಿಂಗಿನ ತೂತು ನೋಡಬೇಕು.

ಇಂದಿನ ಸ್ಥಿತಿ

ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಯೋಗ್ಯತಾ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಣ. ಹಾಗಾಗಿ ಹಳೆಯ ಜೀಪನ್ನು ರಸ್ತೆಯಲ್ಲಿ ಉಳಿಸಿಕೊಳ್ಳಬೇಕೆನ್ನುವವರಿಗೆ ಕ್ಲಚ್, ಬ್ರೇಕ್, ಸ್ಟೀರಿಂಗ್ ಮೂರನ್ನೂ ಸುಸ್ಥಿತಿಯಲ್ಲಿಡುವುದು ಅನಿವಾರ್ಯ. ಬಿಡಿಭಾಗಗಳಿಗೆ ಹಾಸನದ ಅಂಗಡಿಗಳು, ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಇಲ್ಲವೇ ಗುಜರಿಗೆ ಬಂದ ಇನ್ನೊಂದು ಜೀಪು ಆಧಾರ. ಗುಜರಿಯಿಂದ ಫ್ಲೈವೀಲು, ಫೋರ್ಕು, ಅಡ್ಡ ಕೊಳವೆ ತರಬಹುದು. ಪ್ಲೇಟು ಮತ್ತು ರಿಲೀಸ್ ಬೇರಿಂಗನ್ನು ಮಾತ್ರ ಹೊಸದೇ ಹಾಕಬೇಕು.

ಭಾಗಗಳಿಗಿಂತ ಬೇಗ ಅಪರೂಪವಾಗುತ್ತಿರುವುದು ಈ ಕೆಲಸ ಬಲ್ಲ ಕೈಗಳು. ಫಿಂಗರಿನ ಎತ್ತರ ಹೊಂದಿಸುವುದು, ಸವೆದ ಕೊಳವೆಗೆ ಬುಷ್ ಕಡೆಸುವುದು, ಸದ್ದಿನಿಂದಲೇ ಬೇರಿಂಗನ್ನು ಗುರುತಿಸುವುದು ಗ್ಯಾರೇಜಿನಲ್ಲಿ ಹಿರಿಯರ ಪಕ್ಕ ನಿಂತು ಕಲಿತ ವಿದ್ಯೆಗಳು. ಜೋಡಿಯಾಗಿ ಬರುವ ಕ್ಲಚ್ ಸೆಟ್ಟನ್ನು ಹಾಗೇ ಬದಲಿಸುವ ಕೆಲಸದಲ್ಲಿ ಇವಕ್ಕೆ ಅವಕಾಶ ಕಡಿಮೆ. ಐ.ಟಿ.ಐ.ಗಳ ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ ಇಂಥ ಒಂದು ಹಳೆಯ ಜೀಪನ್ನು ಬಿಚ್ಚಿ ಜೋಡಿಸಲು ಕೊಟ್ಟರೆ, ಒಣ ಕ್ಲಚ್ಚಿನ ಒಂದೊಂದು ಭಾಗವನ್ನೂ ಕಣ್ಣಾರೆ ಕಂಡು ಅರ್ಥಮಾಡಿಕೊಳ್ಳುತ್ತಾರೆ. ತೋಟಗಳಲ್ಲಿ ನಿಂತಿರುವ ಜೀಪುಗಳನ್ನು ತೂಕಕ್ಕೆ ಮಾರುವ ಮುನ್ನ ಮಾಲೀಕರು ಈ ದಾರಿಯನ್ನೂ ಯೋಚಿಸಬೇಕು.